ಗ್ರಹಣೀ ಚಿಕಿತ್ಸೆಯೂ ಕಲ್ಯಾಣಕಾರಕ ಪರಂಪರೆಯೂ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ರಾಮಗಿರಿ ಎಂಬ ಗ್ರಾಮವೂ ಬೆಟ್ಟವೂ ಇವೆ. ಉಗ್ರಾದಿತ್ಯಾಚಾರ್ಯರು ತಮ್ಮ ಸಂಸ್ಕೃತ ವೈದ್ಯಗ್ರಂಥವಾದ ‘ಕಲ್ಯಾಣಕಾರಕ’ವನ್ನು ರಚಿಸಿದ ಸ್ಥಳದ ಹೆಸರೂ ರಾಮಗಿರಿಯೇ. ಈ ನಾಮಸಾಮ್ಯವು ಆಕರ್ಷಕವಾದರೂ, ತಮ್ಮ ರಾಮಗಿರಿಯು ವೇಂಗಿಯ ಅರಸನ ತ್ರಿಕಳಿಂಗ ದೇಶದ್ದೆಂದು ಗ್ರಂಥಕರ್ತರೇ ತಿಳಿಸಿರುವುದರಿಂದ, ದುರ್ಗದ ಸೀಮೆಯ ಬೆಟ್ಟಕ್ಕೆ ಆ ಗೌರವವನ್ನು ಸಲ್ಲಿಸಲು ಅವಕಾಶವಿಲ್ಲ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗದು. ಈ ಎಚ್ಚರವು ಸ್ಥಳನಿರ್ಣಯಕ್ಕಿಂತಲೂ ಔಷಧನಿರ್ಣಯದಲ್ಲಿ ಹೆಚ್ಚು ಅವಶ್ಯವಾದುದು. ದೀರ್ಘಕಾಲ ಬಾಧಿಸುವ ಉದರವ್ಯಾಧಿಗಳ ಚಿಕಿತ್ಸೆಯನ್ನು ಪರಿಶೀಲಿಸಿದಾಗ ಈ ಮಾತು ವಿಶದವಾಗುತ್ತದೆ.

ಆಯುರ್ವೇದದ ಮತದಲ್ಲಿ ಗ್ರಹಣಿಯು ಜಠರಾಗ್ನಿಯ ಅಧಿಷ್ಠಾನ. ಪಕ್ವವಾಗದ ಅನ್ನವನ್ನು ಹಿಡಿದಿರಿಸಿ, ಪಕ್ವವಾದುದನ್ನು ಕೆಳಗೆ ಬಿಡುವುದು ಅದರ ಕಾರ್ಯ. ಅಗ್ನಿ ಮಂದವಾದಾಗ ಅನ್ನವು ಆಮರೂಪದಲ್ಲಿಯೇ ಹೊರಬೀಳುತ್ತದೆ. ಅಜೀರ್ಣವು ಮರುಕಳಿಸಿ ದೇಹ ಕೃಶವಾಗುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯವು ಈ ರೋಗಕ್ಕೆ ಮೀಸಲಾದುದು. ಅಲ್ಲಿ ಮಧೂಕಾಸವ, ಮಧ್ವರಿಷ್ಟಗಳಂತಹ ಹುದುಗಿಸಿದ ಕಲ್ಪಗಳೂ ಮಾಂಸರಸವೂ ವಿಹಿತವಾಗಿವೆ. ಅಹಿಂಸಾವ್ರತಿಯಾದ ವೈದ್ಯನಿಗೆ ಇವು ನಿಷಿದ್ಧ. ಹಾಗಾದರೆ ವ್ರತಿಯಾದ ರೋಗಿಯ ಗತಿಯೇನು? ಜೈನ ವೈದ್ಯಶಾಸ್ತ್ರವು ಎದುರಿಸಿದ ನಿಜವಾದ ಪ್ರಶ್ನೆ ಇದು.

ಉಗ್ರಾದಿತ್ಯರ ಕೃತಿಯು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ನಿರೂಪಿಸುತ್ತದೆ. ಗ್ರಂಥಾಂತ್ಯದ ಹಿತಾಹಿತಾಧ್ಯಾಯದಲ್ಲಿ ಮಾಂಸಸೇವನೆಯ ನಿರಾಕರಣೆಯಿದೆ; ಅದು ನೃಪತುಂಗನ ಸಭೆಯಲ್ಲಿ ಪ್ರತಿಪಾದಿತವಾದುದೆಂದು ಗ್ರಂಥವೇ ಹೇಳುತ್ತದೆ. ಈ ದೊರೆ ರಾಷ್ಟ್ರಕೂಟ ಅಮೋಘವರ್ಷನೆಂದು (ಕ್ರಿ.ಶ. 814-878) ವಿದ್ವಾಂಸರು ಗ್ರಹಿಸಿದ್ದಾರೆ. ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಕಾಯಚಿಕಿತ್ಸೆಗೆ ದಶರಥಗುರುವನ್ನೂ ಉಗ್ರಾದಿತ್ಯರು ಸ್ಮರಿಸುವುದರಿಂದ, ಈ ಮಾರ್ಗ ಅವರಿಂದಲೇ ಆರಂಭವಾದುದಲ್ಲವೆಂಬುದು ಸ್ಪಷ್ಟ. ಕ್ರಿ.ಶ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿ ಈ ಪರಂಪರೆಯನ್ನು ಮುಂದುವರಿಸಿದನು.

ಮೂರು ದ್ರವ್ಯಗಳನ್ನು ಬಿಟ್ಟ ಮಾತ್ರಕ್ಕೆ ಚಿಕಿತ್ಸೆ ಬರಿದಾಗುವುದಿಲ್ಲ. ಚರಕನೇ ಗ್ರಹಣೀರೋಗದಲ್ಲಿ ತಕ್ರವನ್ನು ದೀಪನ, ಗ್ರಾಹಿ, ಲಘು ಎಂದು ಪ್ರಶಂಸಿಸಿದ್ದಾನೆ. ಶುಂಠಿ, ಹಿಪ್ಪಲಿ, ಮೆಣಸು, ಜೀರಿಗೆ, ಸೈಂಧವಲವಣಗಳು ಅಗ್ನಿಯನ್ನು ಉದ್ದೀಪಿಸುವ ದ್ರವ್ಯಗಳು. ಹಸಿಶುಂಠಿಯನ್ನು ಕಂದವೆಂದು ಬಿಡುವ ಶ್ರಾವಕನಿಗೂ ಒಣಶುಂಠಿ ಗ್ರಾಹ್ಯವಾಗಿರುವುದು ಇಲ್ಲಿ ಗಮನಾರ್ಹ. ಆದರೆ ತಕ್ರವನ್ನು ದ್ವಿದಳಧಾನ್ಯದೊಡನೆ ಬೆರೆಸಬಾರದೆಂಬ ಆಚಾರವನ್ನು ಪಥ್ಯವಿಧಿಯಲ್ಲಿ ಮರೆಯುವಂತಿಲ್ಲ. ರಾತ್ರಿಭೋಜನತ್ಯಾಗವೂ ಮಿತಾಹಾರವೂ ಮಂದಾಗ್ನಿಗೆ ಅನುಕೂಲವೇ. ಆದರೂ ತತ್ತ್ವಾರ್ಥಸೂತ್ರವು ಬಾಹ್ಯತಪಸ್ಸಿನಲ್ಲಿ ಎಣಿಸುವ ಅನಶನ, ಅವಮೌದರ್ಯಗಳನ್ನು ವೈದ್ಯರ ಲಂಘನದೊಡನೆ ಸಮೀಕರಿಸುವುದು ಯುಕ್ತವಲ್ಲ. ಮೊದಲನೆಯದರ ಫಲ ನಿರ್ಜರೆ; ಎರಡನೆಯದರದು ಆಮಪಾಚನ. ಚಿರಕಾಲದ ಗ್ರಹಣಿಯಿಂದ ಬಲಗುಂದಿದವನಿಗೆ ಮಿತಿಮೀರಿದ ಲಂಘನ ಅಪಾಯಕರ. ರಕ್ತಸ್ರಾವ, ದೇಹಕ್ಷಯಗಳು ತೋರಿದರೆ ಇಂದಿನ ವೈದ್ಯರ ಪರೀಕ್ಷೆಗೆ ಪಥ್ಯವು ಬದಲಿಯಾಗಲಾರದು.

ಇನ್ನು ಹಸ್ತಪ್ರತಿಯ ವಿಚಾರ. ‘ಮಧು’ ಎಂದರೆ ಜೇನು, ಮದ್ಯವೂ ಆಗಬಹುದು, ‘ಮಧುಕ’ವೆಂದರೆ ಅತಿಮಧುರ, ‘ಮಧೂಕ’ವೆಂದರೆ ಇಪ್ಪೆ. ಒಂದು ಅಕ್ಷರ ಬಿಟ್ಟುಹೋದರೆ, ಅಥವಾ ದೀರ್ಘವೊಂದು ಹ್ರಸ್ವವಾದರೆ, ಔಷಧವೇ ಬೇರೆಯಾಗುತ್ತದೆ. ಜೇನನ್ನು ವರ್ಜಿಸಿದ ಕರ್ತೃವಿನ ಯೋಗದಲ್ಲಿಯೇ ಲಿಪಿಕಾರನ ಕೈತಪ್ಪಿನಿಂದ ಜೇನು ಸೇರಬಹುದು. ಹಾಗೆಂದು, ಕರ್ತೃ ಜೈನನೆಂಬ ಒಂದೇ ಕಾರಣದಿಂದ ‘ಮಧು’ ಎಂದಿರುವೆಡೆಯಲ್ಲೆಲ್ಲ ‘ಮಧುಕ’ವೆಂದು ತಿದ್ದುವುದೂ ಸಾಹಸವೇ ಸರಿ. ಮೊದಲು ಛಂದಸ್ಸನ್ನು ಪರೀಕ್ಷಿಸಬೇಕು. ಅಕ್ಷರಲೋಪವನ್ನು ಅದು ಒಡನೆ ತೋರಿಸಿಕೊಡುತ್ತದೆ. ಅನಂತರ ಪ್ರತ್ಯಂತರಗಳನ್ನು ಹೋಲಿಸಬೇಕು. ಕರ್ತೃವಿನ ಪ್ರತಿಜ್ಞೆಯು ಕಡೆಯ ಪ್ರಮಾಣವಾಗಬೇಕು.

ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ಸೊಲ್ಲಾಪುರದಿಂದ ಉಗ್ರಾದಿತ್ಯರ ಕೃತಿಯನ್ನು ಹಿಂದೀ ಅನುವಾದದೊಡನೆ ಪ್ರಕಟಿಸಿ ಮಹೋಪಕಾರ ಮಾಡಿದರು. ಕಾವ್ಯದಲ್ಲಿ ಪಾಠ ಕೆಟ್ಟರೆ ರಸ ಕೆಡುತ್ತದೆ. ವೈದ್ಯದಲ್ಲಿ ಪಾಠ ಕೆಟ್ಟರೆ ರೋಗಿಯ ದೇಹವೂ ವ್ರತವೂ ಕೆಡುತ್ತವೆ. ಆದುದರಿಂದ ಈ ಗ್ರಂಥಗಳ ಪಾಠಶೋಧನೆಯಲ್ಲಿ ಪಂಡಿತನೂ ವೈದ್ಯನೂ ಜೊತೆಯಾಗಿ ಕುಳಿತುಕೊಳ್ಳಬೇಕಾದುದು ಅನಿವಾರ್ಯ.