ಥೈರಾಯ್ಡಿನೊಳಗೆ ಥೈಮಸ್ಸಿನ ಛಾಯೆ

ಕಂಠದ ಥೈರಾಯ್ಡ್ ಗ್ರಂಥಿಯೊಳಗೆ ಬೆಳೆದರೂ ಆ ಗ್ರಂಥಿಯ ಕೋಶಲಕ್ಷಣಗಳನ್ನು ತೋರದೆ, ಎದೆಗೂಡಿನಲ್ಲಿ ನೆಲಸಿರುವ ಥೈಮಸ್ ಗ್ರಂಥಿಯ ಕಡೆಗೆ ಒಲಿದ ರೂಪಭೇದವನ್ನು ತಾಳುವ ಒಂದು ಅತಿವಿರಳ ಅರ್ಬುದಕ್ಕೆ ‘ಸೆಟಲ್’ ಎಂಬ ಸಂಕ್ಷಿಪ್ತನಾಮವನ್ನು 1991ರಲ್ಲಿ ಚಾನ್ ಮತ್ತು ರೊಸಾಯ್ ಎಂಬ ರೋಗವಿಜ್ಞಾನಿಗಳು ಇತ್ತರು. ಸೂಕ್ಷ್ಮದರ್ಶಕದಡಿ ಕದಿರಿನಂತೆ ತುದಿಗಳಲ್ಲಿ ಸಪೂರವಾದ ಕೋಶಗಳು ಒತ್ತೊತ್ತಾಗಿ ಹೆಣೆದುಕೊಂಡು, ಅವುಗಳ ನಡುನಡುವೆ ನಾಳಾಕಾರದ ಗ್ರಂಥಿರಚನೆಗಳು ತೆರೆದುಕೊಂಡಿರುವುದು ಕಾಣುತ್ತದೆ. ನೋಟಕ್ಕೆ ಇಷ್ಟು ಭಿನ್ನವಾದ ಇವೆರಡೂ ಒಂದೇ ಅನುಲೇಪಕ ಕುಲದವೆಂಬುದೇ ಇಲ್ಲಿನ ನಿಜವಾದ ವೈಚಿತ್ರ್ಯ. ಭ್ರೂಣಾವಸ್ಥೆಯಲ್ಲಿ ಥೈಮಸ್ಸು ಕಂಠಪ್ರದೇಶದಲ್ಲಿ ಹುಟ್ಟಿ ಎದೆಯೆಡೆಗೆ ಇಳಿಯುವಾಗ ಹಿಂದುಳಿದ ಅವಶೇಷಗಳೇ ಇದರ ಮೂಲವಿರಬೇಕೆಂದು ಊಹಿಸಲಾಗಿದೆ. ಹೆಚ್ಚಾಗಿ ಮಕ್ಕಳಲ್ಲಿಯೂ ತರುಣವಯಸ್ಕರಲ್ಲಿಯೂ ಕಾಣಿಸಿಕೊಳ್ಳುವ ಈ ಗಡ್ಡೆ ಮಂದಗತಿಯದಾದರೂ ನಿಶ್ಚಿಂತೆಗೆ ಎಡೆಗೊಡುವಂಥದಲ್ಲ. ಶಸ್ತ್ರಚಿಕಿತ್ಸೆಯಾಗಿ ಬಹುವರ್ಷಗಳು ಸಂದ ಮೇಲೆ ಶ್ವಾಸಕೋಶಗಳಿಗೆ ಹಬ್ಬಿದ ಉದಾಹರಣೆಗಳುಂಟು.