ಕಲ್ಲುಹೂವಿನೊಳಗಿನ ನೀಲಿಹಸಿರು ಜೀವಿಗಳು

ಮಸಾಲೆಗೆ ಬಳಸುವ ಕಲ್ಲುಹೂವು ಶಿಲೀಂಧ್ರ ಮತ್ತು ಹಸಿರು ಪಾಚಿಯ ಕೂಡುಬಾಳು. ಆದರೆ ಕಲ್ಲುಹೂವುಗಳ ಸುಮಾರು ಶೇ. 10ರಷ್ಟು ಪ್ರಭೇದಗಳಲ್ಲಿ ಆಹಾರ ತಯಾರಿಸುವುದು ಸಯನೋಬ್ಯಾಕ್ಟೀರಿಯಾ. ಪಶ್ಚಿಮ ಘಟ್ಟದ ತೇವದ ತೊಗಟೆಗಳ ಮೇಲಿನ ಲೆಪ್ಟೋಜಿಯಂ ಇಂಥದ್ದು. ಅದರೊಳಗೆ ನಾಸ್ಟಾಕ್ ಎಂಬ ಸಯನೋಬ್ಯಾಕ್ಟೀರಿಯಾ ಇದೆ. ಹೆಸರು, ಆಕಾರ ಎರಡೂ ಶಿಲೀಂಧ್ರದ್ದೇ ಆಗಿರುವಾಗ ಒಳಗಿರುವುದು ಯಾರಾದರೇನು ಎಂದು ಕೇಳಬಹುದು. ಆಕಾರದ ಮಾತು ಪೂರ್ತಿ ನಿಜವಲ್ಲ. ಯುರೋಪಿನ ಲೊಬೇರಿಯಾ ಆಂಪ್ಲಿಸಿಮಾದ ಶಿಲೀಂಧ್ರ ಹಸಿರು ಪಾಚಿಯೊಡನೆ ಅಗಲವಾದ ಎಲೆಯಂತೆ ಹರಡುತ್ತದೆ, ನಾಸ್ಟಾಕ್ ಜೊತೆ ಪುಟ್ಟ ಪೊದೆಯಂತೆ ಕವಲೊಡೆಯುತ್ತದೆ. ಬದುಕಿನ ಕ್ರಮವೂ ಬೇರೆ: ಹಸಿರು ಪಾಚಿಯ ಕಲ್ಲುಹೂವುಗಳು ಗಾಳಿಯ ತೇವವೊಂದರಿಂದಲೇ ದ್ಯುತಿಸಂಶ್ಲೇಷಣೆಗೆ ತೊಡಗಬಲ್ಲವು, ಸಯನೋಬ್ಯಾಕ್ಟೀರಿಯಾದವುಗಳಿಗೆ ಮಳೆ ಅಥವಾ ಇಬ್ಬನಿಯ ಹನಿಯೇ ಬೇಕು. ಕಾಡು ಒಣಗಿದರೆ ಮೊದಲು ಸೊರಗುವವರಲ್ಲಿ ಇವೂ ಸೇರುತ್ತವೆ. ಗಾಳಿಯ ಸಾರಜನಕವನ್ನು ಹಿಡಿದು ಕಾಡಿಗೆ ಉಣಿಸುವವೂ ಇವೇ.

ಇರುವುದೆಲ್ಲ ಒಂದೇ ನಾಸ್ಟಾಕ್ ತಾನೇ ಎನ್ನುವಂತೆಯೂ ಇಲ್ಲ. ಡಿಎನ್‌ಎ ಪರೀಕ್ಷೆಯಲ್ಲಿ ನಾಸ್ಟಾಕ್‌ನಲ್ಲೇ ಹಲವು ವಂಶಗಳು ಕಂಡಿವೆ. ಉಷ್ಣವಲಯದ ಡಿಕ್ಟಿಯೋನೀಮಾ ಎಂಬ ಕಲ್ಲುಹೂವಿನೊಳಗಿನ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಬಹುಕಾಲ ಸೈಟೋನೀಮಾ ಎಂಬ ಇನ್ನೊಂದು ಸಯನೋಬ್ಯಾಕ್ಟೀರಿಯಾ ಎಂದೇ ಬರೆದರು. ಅವು ರೈಜೋನೀಮಾ ಎಂಬ ಪ್ರತ್ಯೇಕ ಕುಲವೆಂದು ತಿಳಿದದ್ದು ಡಿಎನ್‌ಎ ಓದಿದ ಮೇಲೆ.