ಶೀಟಿನ ಚೂರು

ಕಳೆದ ಬೇಸಿಗೆಯಲ್ಲಿ ಸಿದ್ಧಕಟ್ಟೆಯ ನಮ್ಮ ಮನೆಯ ಹಟ್ಟಿಗೆ ಹೊಸ ಮಾಡು ಹಾಕಿಸಲು ಹೊರಟೆವು. ಹಳೆಯ ಸಿಮೆಂಟ್ ಶೀಟು ಇಳಿಸಲು ಬಂದ ಮೇಸ್ತ್ರಿ ಸುತ್ತಿಗೆ ಎತ್ತಿದೊಡನೆ ನಾನು ಅಂಗಳಕ್ಕೆ ಓಡಿದೆ.

"ಒಡೆಯಬೇಡಿ ಮಾರಾಯ್ರೆ!"

"ಹಳೇ ಶೀಟಲ್ವಾ ಟೀಚರ್, ಇದಕ್ಕೇನು ಬೆಲೆ ಉಂಟು?" ಎಂದು ಅವರು ನಕ್ಕರು.

ನನ್ನ ಬಾಲ್ಯದ ಮಾಡು ಹಂಚಿನದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಸೀಮೆಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಒಡೆದ ಹಂಚು ಮಣ್ಣಿಗೆ ಮಣ್ಣು. ಅದರ ಚೂರಿನಲ್ಲೇ ನಾವು ಕುಂಟೆಬಿಲ್ಲೆ ಆಡಿದ್ದು. ಆದರೆ ಹಂಚಿಗೆ ಪಕ್ಕಾಸು, ರೀಪು ಬೇಕು. ಮರದ ಬೆಲೆ ಏರಿದಂತೆ ಹಟ್ಟಿಗೆ, ಬಚ್ಚಲಿಗೆ ಶೀಟು ಬಂತು.

ಮದುವೆಯಾಗಿ ಬಂದ ಕೆಲವು ವರ್ಷಗಳಲ್ಲಿ, ಗಾಳಿಮಳೆಗೆ ಒಡೆದ ಶೀಟನ್ನು ನಾನೇ ಜಜ್ಜಿ ಅಂಗಳದ ಕೆಸರಿಗೆ ಹಾಸಿದ್ದೆ. ಉಳಿದ ಧೂಳನ್ನು ಹಿಡಿಸೂಡಿಯಿಂದ ಗುಡಿಸಿದ್ದೆ. ಪುಟ್ಟ ಮಗಳು ಅದರ ಚೂರು ಹೆಕ್ಕಿ ಕುಂಟೆಬಿಲ್ಲೆ ಆಡಿದಾಗ ಖುಷಿಯೂ ಪಟ್ಟಿದ್ದೆ.

ಆ ಶೀಟಿನಲ್ಲಿ ಸಿಮೆಂಟಿನೊಡನೆ ಕಲ್ನಾರು ಇರುತ್ತದೆ. ಶೀಟು ಇಡಿಯಾಗಿರುವಾಗ ಅಪಾಯ ಕಡಿಮೆ. ಒಡೆದರೆ, ಕೊಯ್ದರೆ ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಡನೆ ಶ್ವಾಸಕೋಶ ಸೇರಿ ಅಲ್ಲೇ ಉಳಿಯುತ್ತವೆ. ಕ್ಯಾನ್ಸರಿನಂತಹ ರೋಗ ತೋರುವುದು 20, 40 ವರ್ಷಗಳ ನಂತರ. ಹೊರದೇಶಗಳಲ್ಲಿ ಕಾರ್ಖಾನೆಯ ಮೆಟ್ಟಿಲು ತುಳಿಯದ ಹೆಂಗಸರೂ ಗಂಡಂದಿರ ಧೂಳುಬಟ್ಟೆ ಕೊಡವಿ ಒಗೆದು ಕಾಯಿಲೆ ಬಿದ್ದರು. ಬ್ರಿಟನ್ 1999ರಲ್ಲಿ ಕಲ್ನಾರನ್ನು ನಿಷೇಧಿಸಿತು. ನಮ್ಮಲ್ಲಿ ಶೀಟು ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾದಿಡಬೇಕೆಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ದಿನಗೂಲಿಗೆ ಬಂದು ಶೀಟು ಒಡೆದು ಹೋಗುವವರ ದಾಖಲೆ ಇಡುವವರು ಯಾರು?

ಇದನ್ನೆಲ್ಲ ಹೇಳಿದ ಮೇಲೆ ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟರು. ಶೀಟಿಗೆ ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿಯೇ ಇಳಿಸಿದರು. ಮುಖಕ್ಕೆ ಬೈರಾಸು ಸಾಲದೆಂದು ಒಳ್ಳೆಯ ಮಾಸ್ಕ್ ತರಿಸಿಕೊಟ್ಟೆ. ಶೀಟನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ, ಬೇರೆ ಕಲ್ಲುಮಣ್ಣಿನೊಡನೆ ಬೆರೆಸದೆ, ಮೇಲೆ 'ಕಲ್ನಾರು, ಒಡೆಯಬೇಡಿ' ಎಂದು ಬರೆದಿಟ್ಟೆವು. ನೆಲ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿದೆ. ಆ ಬಟ್ಟೆಯನ್ನೂ ಕಟ್ಟಿನೊಳಗೇ ಸೇರಿಸಿದೆ. ಒಯ್ಯುವ ವ್ಯವಸ್ಥೆಗೆ ಪಂಚಾಯತಿಗೆ ಅರ್ಜಿ ಕೊಟ್ಟಿದ್ದೇನೆ. ಕಟ್ಟು ಇನ್ನೂ ಹಟ್ಟಿಯ ಹಿಂದೆಯೇ ಇದೆ.

ರಾತ್ರಿ ಮಗಳಿಗೆ ಫೋನಿನಲ್ಲಿ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ನನ್ನ ಕುಂಟೆಬಿಲ್ಲೆ ಚೂರು ನೆನಪುಂಟಾ?" ಎಂದಳು.

ನೆನಪುಂಟು. ಅದಕ್ಕೇ ಇದನ್ನು ಬರೆದೆ.